ಬಾಯಿ, ಗಂಟಲಿನ ಕ್ಯಾನ್ಸರ್ ಆಪರೇಷನ್ ಆದಮೇಲೆ ಗಾಯ ಕೆಡದ ಹಾಗೆ ನೋಡಿಕೊಳ್ಳುವುದು ಹೇಗೆ?

ಹೋದ ಮಳೆಗಾಲ ಕಾಪು ಕಡೆಯ ಒಂದು ಮನೆಗೆ ಡ್ರೆಸ್ಸಿಂಗ್ ಮಾಡಲು ಹೋಗಿದ್ದೆ. ಕೆನ್ನೆಯ ಒಳಗಿನ ಕ್ಯಾನ್ಸರ್. ದವಡೆಯ ಒಂದು ಭಾಗ ತೆಗೆದಿದ್ದರು. ಆಪರೇಷನ್ ಆಗಿ ಹನ್ನೊಂದನೇ ದಿನ. ಗಾಯ ನೋಡಲು ಚೆನ್ನಾಗಿಯೇ ಇತ್ತು. ಆದರೆ ದಿಂಬಿನ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಒದ್ದೆ ಕಲೆ ಕಾಣಿಸಿತು. "ಬೆವರು ಸಿಸ್ಟರ್, ರಾತ್ರಿಯಿಡೀ ಕರೆಂಟ್ ಇರಲಿಲ್ಲ" ಅಂದರು ಅವರ ಹೆಂಡತಿ. ನಾನು ಟಾರ್ಚ್ ಹಿಡಿದು, "ಒಂದು ಸಲ ಉಗುಳು ನುಂಗಿ, ನೋಡುವ" ಅಂದೆ. ನುಂಗಿದ ಕೂಡಲೇ ದವಡೆಯ ಕೆಳಗೆ, ಎರಡು ಹೊಲಿಗೆಗಳ ನಡುವೆ, ಒಂದು ಸಣ್ಣ ಹನಿ ಮೂಡಿ ನಿಂತಿತು. ಬೆವರಲ್ಲ, ಜೊಲ್ಲು.

ಅವತ್ತೇ ಅವರು ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಹೋದರು. ದಿನಾ ಡ್ರೆಸ್ಸಿಂಗ್ ಆಯಿತು, ಮೂಗಿನ ಟ್ಯೂಬಿನಲ್ಲಿ ಕೊಡುವ ಊಟ ಹೆಚ್ಚಿಸಿದರು. ಹದಿನೆಂಟು ದಿನದಲ್ಲಿ ತೂತು ತಾನಾಗಿಯೇ ಮುಚ್ಚಿತು. ಬೆವರು ಅಂತ ಒಂದು ವಾರ ಸುಮ್ನೆ ಇದ್ದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು.

ಮಂಗಳೂರು, ಉಡುಪಿಯ ಮನೆಗಳಿಗೆ ಹೋಗಿ ಇಂಥ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವುದು ನನ್ನ ಕೆಲಸ. ಮನೆಯವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಲೆಕ್ಕ ಆರು ವಾರದ್ದು. ಬಾಯಿ, ಗಂಟಲಿನ ಕ್ಯಾನ್ಸರಿನಲ್ಲಿ ತುಂಬ ಜನರಿಗೆ ಆಪರೇಷನ್ ನಂತರ ರೇಡಿಯೇಶನ್ ಬೇಕಾಗುತ್ತದೆ. ಅದು ಆಪರೇಷನ್ ಆದ ದಿನದಿಂದ ಆರು ವಾರದೊಳಗೆ ಶುರುವಾದರೆ ಒಳ್ಳೆಯದು. ತಡವಾದಷ್ಟೂ ಕಾಯಿಲೆ ಮತ್ತೆ ತಲೆ ಎತ್ತಲು ಅವಕಾಶ ಜಾಸ್ತಿ. ಆದರೆ ಬಾಯಿ ಬಿಟ್ಟುಕೊಂಡ ಗಾಯದ ಮೇಲೆ ರೇಡಿಯೇಶನ್ ಕೊಡುವುದು ಕಷ್ಟ. ಅಂದರೆ ಗಾಯ ಒಣಗುವುದೂ ಕ್ಯಾನ್ಸರ್ ಚಿಕಿತ್ಸೆಯ ಒಂದು ಭಾಗವೇ. ಅದರಲ್ಲಿ ಅರ್ಧ ಕೆಲಸ ಮನೆಯವರ ಕೈಯಲ್ಲಿದೆ.

ಇಲ್ಲಿ ಬರೆದದ್ದಕ್ಕೂ ನಿಮ್ಮ ಡಾಕ್ಟರ್ ಹೇಳಿದ್ದಕ್ಕೂ ವ್ಯತ್ಯಾಸ ಕಂಡರೆ ಡಾಕ್ಟರ ಮಾತೇ ಕೊನೆ. ಅವರು ಗಾಯದ ಒಳಗನ್ನು ಕಣ್ಣಾರೆ ನೋಡಿದವರು.

ಈ ಗಾಯ ಯಾಕೆ ಬೇರೆ?

ಕೈಗೆ ಗಾಯವಾದರೆ ತೊಳೆದು, ಒಣಗಿಸಿ, ಬಟ್ಟೆ ಕಟ್ಟಬಹುದು. ಬಾಯಿಯೊಳಗಿನ ಹೊಲಿಗೆಯನ್ನು ಒಣಗಿಸುವುದು ಹೇಗೆ? ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಊರುತ್ತಲೇ ಇರುತ್ತದೆ. ಅದರಲ್ಲಿ ಲೆಕ್ಕವಿಲ್ಲದಷ್ಟು ರೋಗಾಣುಗಳು. ಹೊಲಿಗೆ ಎಲ್ಲಾದರೂ ಸ್ವಲ್ಪ ಬಿಟ್ಟುಕೊಂಡರೆ ಜೊಲ್ಲು ಚರ್ಮದ ಕೆಳಗೆ ಇಳಿದು, ಕುತ್ತಿಗೆಯಲ್ಲಿ ದಾರಿ ಮಾಡಿಕೊಂಡು ಹೊರಗೆ ಬರುತ್ತದೆ. ಇದಕ್ಕೆ ಡಾಕ್ಟರುಗಳು ಫಿಸ್ಟುಲಾ ಅನ್ನುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದದ್ದು ಇದಕ್ಕೆ. ಕುತ್ತಿಗೆಯ ದೊಡ್ಡ ರಕ್ತನಾಳ ಅಲ್ಲೇ ಪಕ್ಕದಲ್ಲಿದೆ, ಜೊಲ್ಲು ಸೋರುತ್ತಿದ್ದರೆ ಅದು ಒಡೆಯುವ ಅಪಾಯವಿದೆ.

ಹೆಜ್ಜೆ 1: ಆಪರೇಷನ್‌ಗೆ ಮೊದಲಿನ ದಿನಗಳು

ಬಯಾಪ್ಸಿ ರಿಪೋರ್ಟ್ ಬಂದ ದಿನದಿಂದ ಆಪರೇಷನ್ ದಿನದವರೆಗೆ ಸಾಮಾನ್ಯವಾಗಿ ಒಂದೆರಡು ವಾರವಾದರೂ ಸಿಗುತ್ತದೆ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಕಾಗದಪತ್ರ ಅಂತ ಓಡಾಟವಿರುತ್ತದೆ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಮಂಗಳೂರಿನವರಿಗೆ ವೆನ್‌ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ರೇಷನ್ ಕಾರ್ಡ್, ಆಧಾರ್ ಹಿಡಿದು ರಿಪೋರ್ಟ್ ಬಂದ ಮರುದಿನವೇ ಹೋಗಿ. ಈ ಓಡಾಟದ ದಿನಗಳು ಗಾಯಕ್ಕೂ ಬೇಕಾದ ದಿನಗಳು.

ಮೊದಲನೆಯದು ಹೊಗೆಸೊಪ್ಪು. ಬೀಡಿ, ಸಿಗರೇಟ್, ಗುಟ್ಕಾ, ಎಲೆಯಡಿಕೆ ಜೊತೆಯ ಹೊಗೆಸೊಪ್ಪು, ಯಾವುದಾದರೂ ಸರಿ, ಇವತ್ತೇ ನಿಲ್ಲಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಹಿಂಡುತ್ತದೆ. ಹೊಲಿದ ಜಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ. ನಾಲ್ಕು ವಾರ ಮೊದಲೇ ಬಿಟ್ಟರೆ ಲಾಭ ಚೆನ್ನಾಗಿ ಕಾಣುತ್ತದೆ. ಅಷ್ಟು ಸಮಯ ಇಲ್ಲ ಅಂತ ಆಪರೇಷನ್ ಮುಂದೆ ಹಾಕುವುದು ಬೇಡ, ಇರುವಷ್ಟು ದಿನವಾದರೂ ಬಿಡಿ. ಒಬ್ಬರಿಂದಲೇ ಆಗದಿದ್ದರೆ 1800-11-2356 ನಂಬರಿಗೆ ಫೋನ್ ಮಾಡಿ, ಅದು ಸರ್ಕಾರದ ಉಚಿತ ಸಹಾಯವಾಣಿ.

"ಹೊಗೆಸೊಪ್ಪು ಬಿಟ್ಟೆ, ಬರೀ ಅಡಿಕೆ ಹಾಕುತ್ತೇನೆ" ಅನ್ನುವವರು ನಮ್ಮೂರಲ್ಲಿ ಬಹಳ. ಅಡಿಕೆ ನಮ್ಮ ತೋಟದ ಬೆಳೆ, ಎಷ್ಟೋ ಮನೆಗಳ ಅನ್ನ. ಹೇಳಲು ನನಗೂ ಕಷ್ಟ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಹೊಲಿಗೆ ಹಾಕಿದ ಬಾಯಿಗೆ ಅದು ಇನ್ನು ಬೇಡವೇ ಬೇಡ.

ಎರಡನೆಯದು ತೂಕ. ಬಾಯಿ ನೋವಿನಿಂದ ತಿಂಗಳುಗಟ್ಟಲೆ ಸರಿಯಾಗಿ ಊಟ ಮಾಡದೆ ಇದ್ದವರೇ ಹೆಚ್ಚು. ಆರು ತಿಂಗಳಲ್ಲಿ ತೂಕ ನೂರಕ್ಕೆ ಹತ್ತರಷ್ಟು ಇಳಿದಿದ್ದರೆ, ಅಂದರೆ 60 ಕಿಲೋ ಇದ್ದವರು 54ಕ್ಕೆ ಬಂದಿದ್ದರೆ, ಡಾಕ್ಟರ್ ಕೇಳುವ ಮೊದಲೇ ಅವರಿಗೆ ಹೇಳಿ. ಕೆಲವರಿಗೆ ಆಪರೇಷನ್‌ಗೆ ಮೊದಲೇ ಮೂಗಿನ ಟ್ಯೂಬ್ ಹಾಕಿ ಊಟ ಕೊಡುವುದುಂಟು. ತೀರಾ ಬಡಕಲಾದವರಿಗೆ ಒಂದೇ ಸಲ ಜಾಸ್ತಿ ಕೊಡಬಾರದು, ದೇಹದ ಲವಣಗಳು ಏರುಪೇರಾಗುತ್ತವೆ. ಆಸ್ಪತ್ರೆಯವರು ದಿನದಿಂದ ದಿನಕ್ಕೆ ನಿಧಾನವಾಗಿ ಹೆಚ್ಚಿಸುತ್ತಾರೆ.

ಶುಗರ್ ಇದ್ದರೆ ಹತೋಟಿಗೆ ತನ್ನಿ. ಎಕೋಸ್ಪ್ರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಹುಳುಕು ಹಲ್ಲುಗಳನ್ನು ದಂತ ವೈದ್ಯರಿಗೆ ತೋರಿಸಿ. ಮುಂದೆ ರೇಡಿಯೇಶನ್ ಇದ್ದರೆ ಕೆಟ್ಟ ಹಲ್ಲು ಮೊದಲೇ ತೆಗೆಸಬೇಕು. ರೇಡಿಯೇಶನ್ ಆದಮೇಲೆ ಹಲ್ಲು ಕೀಳಿಸಿದರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ. ಇನ್ನೊಂದು ಸಣ್ಣ ವಿಷಯ. ಹಿಂದಿನ ರಾತ್ರಿ ಮನೆಯಲ್ಲಿ ಬ್ಲೇಡಿನಿಂದ ಗಡ್ಡ, ಎದೆಯ ಕೂದಲು ಬೋಳಿಸಬೇಡಿ. ಬ್ಲೇಡಿನ ಸಣ್ಣ ಗೀರುಗಳಲ್ಲೇ ರೋಗಾಣು ಸೇರುತ್ತದೆ. ಬೇಕಾದರೆ ಆಸ್ಪತ್ರೆಯಲ್ಲಿ ಟ್ರಿಮ್ಮರಿನಿಂದ ತೆಗೆಯುತ್ತಾರೆ. ನೀವು ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿಸಿ, ಸಾಕು.

ಹೆಜ್ಜೆ 2: ಆಸ್ಪತ್ರೆಯ ಮೊದಲ ಮೂರು ದಿನ

ತೆಗೆದ ಜಾಗ ತುಂಬಲು ಎದೆಯಿಂದ, ತೊಡೆಯಿಂದ, ಮುಂಗೈಯಿಂದ ಅಥವಾ ಕಾಲಿನಿಂದ ಚರ್ಮ, ಮಾಂಸ ತಂದು ಹೊಲಿದಿರುತ್ತಾರೆ. ಇದಕ್ಕೆ ಫ್ಲಾಪ್ ಅನ್ನುತ್ತಾರೆ. ಮೊದಲ ಎರಡು ಮೂರು ದಿನ ಇದರ ಜೀವ ಒಂದು ಸಣ್ಣ ರಕ್ತನಾಳವನ್ನು ನೆಚ್ಚಿಕೊಂಡಿರುತ್ತದೆ. ನರ್ಸುಗಳು ಗಂಟೆಗೊಮ್ಮೆ ಬಂದು ಟಾರ್ಚ್ ಹಾಕಿ ಬಣ್ಣ ನೋಡುವುದು ಅದಕ್ಕೇ. ನಿದ್ದೆ ಕೆಡುತ್ತದೆ ಅಂತ ತಡೆಯಬೇಡಿ. ಫ್ಲಾಪ್ ನೀಲಿ ಅಥವಾ ಕಪ್ಪಾದರೆ ರಕ್ತ ವಾಪಸ್ ಹೋಗುತ್ತಿಲ್ಲ, ಬಿಳಿಚಿ ತಣ್ಣಗಾದರೆ ರಕ್ತ ಬರುತ್ತಲೇ ಇಲ್ಲ. ಬೇಗ ಗೊತ್ತಾದರೆ ಮತ್ತೆ ಥಿಯೇಟರಿಗೆ ಕರೆದುಕೊಂಡು ಹೋಗಿ ಉಳಿಸಬಹುದು. ಇಲ್ಲಿ ಸಮಯದ ಲೆಕ್ಕ ಗಂಟೆಗಳಲ್ಲಿ, ದಿನಗಳಲ್ಲಿ ಅಲ್ಲ.

ಬೈಸ್ಟ್ಯಾಂಡರ್ ಆಗಿ ಕೂತವರು ಮಾಡಬೇಕಾದ್ದು ಇಷ್ಟು. ತಲೆಯ ಕಡೆ ಹಾಸಿಗೆ ಸ್ವಲ್ಪ ಎತ್ತರವೇ ಇರಲಿ. ಡಾಕ್ಟರ್ ಹೇಳಿದ ಬದಿಗೆ ಮಾತ್ರ ಕುತ್ತಿಗೆ ತಿರುಗಲಿ. ಫ್ಲಾಪ್ ಇರುವ ಬದಿಯ ಕುತ್ತಿಗೆಗೆ ದಿಂಬು, ಪಟ್ಟಿ, ಮಾಸ್ಕಿನ ದಾರ ಒತ್ತಬಾರದು. ಹರಕೆಯ ದಾರ, ಚೈನು ಇದ್ದರೆ ತೆಗೆದು ಜೋಪಾನ ಮಾಡಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಕುತ್ತಿಗೆ ಇದ್ದಕ್ಕಿದ್ದಂತೆ ಊದಿ ಬಿಗಿಯಾದರೆ, ಉಸಿರು ಕಟ್ಟಿದಂತಾದರೆ ಬೆಲ್ ಒತ್ತಿ ಕಾಯಬೇಡಿ, ಎದ್ದು ಹೋಗಿ ಕರೆಯಿರಿ. ಒಳಗೆ ರಕ್ತ ತುಂಬಿಕೊಳ್ಳುತ್ತಿರಬಹುದು.

ಗಾಯದ ಒಳಗೆ ಸೇರುವ ರಕ್ತ, ನೀರನ್ನು ಹೊರಗೆ ಎಳೆಯಲು ಕುತ್ತಿಗೆಯಿಂದ ಇಳಿಬಿಟ್ಟ ಡ್ರೈನ್ ಡಬ್ಬಿ ಮೊದಲು ಕೆಂಪಾಗಿ, ಆಮೇಲೆ ತಿಳಿ ಕೆಂಪು, ಕೊನೆಗೆ ಹಳದಿ ನೀರಾಗಿ ತುಂಬುತ್ತದೆ. ಸಾಮಾನ್ಯವಾಗಿ ದಿನಕ್ಕೆ 25-30 ಎಂಎಲ್‌ಗಿಂತ ಕಡಿಮೆಯಾದಾಗ ತೆಗೆಯುತ್ತಾರೆ. ಟ್ಯೂಬಿನಲ್ಲಿ ಹಾಲು ಕೊಡಲು ಶುರು ಮಾಡಿದ ಮೇಲೆ ಡಬ್ಬಿಯ ನೀರು ಹಾಲಿನಂತೆ ಬೆಳ್ಳಗಾದರೆ ತಕ್ಷಣ ಹೇಳಿ. ಕೊಬ್ಬು ಸಾಗಿಸುವ ನಾಳ ಸೋರುತ್ತಿದೆ ಅಂತ ಅರ್ಥ, ಊಟದ ಕ್ರಮವೇ ಬದಲಾಗಬೇಕಾಗುತ್ತದೆ.

ಡಾಕ್ಟರ್ ಒಪ್ಪಿದ ದಿನದಿಂದಲೇ ಕೈ ಹಿಡಿದು ನಡೆಸಿ. ಮಲಗಿಯೇ ಇದ್ದರೆ ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ನೋಡಲು ಬಂದ ನೆಂಟರು ಕೈ ತೊಳೆಯದೆ ಹತ್ತಿರ ಬರುವುದು ಬೇಡ. ಶೀತ, ಕೆಮ್ಮು ಇರುವವರು ಫೋನಿನಲ್ಲೇ ಮಾತಾಡಲಿ.

ಹೆಜ್ಜೆ 3: ಬಾಯಿ ತೊಳೆಯುವುದು

ಗಾಯದ ಹತ್ತಿರ ಹೋಗಲು ಹೆದರಿ ಬಾಯಿಯನ್ನೇ ಮುಟ್ಟದೆ ಬಿಡುವವರನ್ನು ಎಷ್ಟು ನೋಡಿದ್ದೇನೋ! ವಾಸನೆ ಬಂದ ಮೇಲೆ ನನಗೆ ಫೋನ್ ಬರುತ್ತದೆ. ಬಾಯಿಂದ ಏನೂ ಕೊಡುವ ಹಾಗಿಲ್ಲ ಅಂದರೆ ತೊಳೆಯುವ ಹಾಗೂ ಇಲ್ಲ ಅಂತ ಅರ್ಥವಲ್ಲ. ಡಿಸ್ಚಾರ್ಜ್ ಆಗುವಾಗ ಕೇಳಿ: ಯಾವ ದಿನದಿಂದ ಬಾಯಿ ಮುಕ್ಕಳಿಸಬಹುದು, ಸಿರಿಂಜಿನಿಂದ ತೊಳೆಯಬಹುದಾ, ಬ್ರಷ್ ಯಾವಾಗ. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿದ್ದರೆ ಸಂಕೋಚ ಬೇಡ. ಕನ್ನಡದಲ್ಲೋ ತುಳುವಿನಲ್ಲೋ ಹೇಳಿಸಿಕೊಂಡು, ಅಲ್ಲೇ ಬರೆದುಕೊಳ್ಳಿ.

ನೀರು ತಯಾರಿಸುವುದು ಸುಲಭ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ. ಟೀ ಚಮಚ. ದಿನಾ ಹೊಸದಾಗಿ ಮಾಡಿ. ಬೆಳಿಗ್ಗೆ ಎದ್ದಾಗ, ಪ್ರತಿ ಸಲ ಟ್ಯೂಬಿನಲ್ಲಿ ಊಟ ಕೊಟ್ಟಾಗ, ಮಲಗುವಾಗ ತೊಳೆಯಿರಿ. ಮುಂದಕ್ಕೆ ಬಾಗಿ ಕೂತು, ನೀರನ್ನು ಬಾಯಲ್ಲಿ ನಿಧಾನ ಆಚೀಚೆ ಆಡಿಸಿ, ತಾನಾಗಿ ಬೀಳಲು ಬಿಡಬೇಕು. ಗಳಗಳ ಮಾಡಿ ಜೋರಾಗಿ ಉಗುಳಬಾರದು, ಹೊಲಿಗೆಗೆ ಎಳೆತ ಬೀಳುತ್ತದೆ. ಬಾಯಿ ತೆರೆಯಲು ಆಗದವರಿಗೆ ಸೂಜಿಯಿಲ್ಲದ 20 ಎಂಎಲ್ ಸಿರಿಂಜ್ ಸಾಕು. ನೀರಿನ ಧಾರೆ ಹೊಲಿಗೆಗೆ ನೇರ ಬಡಿಯದಿರಲಿ.

ಆಮೇಲೆ ಟಾರ್ಚ್ ಹಾಕಿ ನೋಡಿ. ಫ್ಲಾಪ್ ಮತ್ತು ಕೆನ್ನೆಯ ಮಧ್ಯೆ ಒಂದು ಸಂದು ಇರುತ್ತದೆ. ಅಲ್ಲಿ ಸ್ಪರ್ಶವೇ ಇರುವುದಿಲ್ಲ, ಏನು ಸಿಕ್ಕಿಕೊಂಡರೂ ಅವರಿಗೆ ಗೊತ್ತಾಗುವುದಿಲ್ಲ. ಮೊನ್ನೆ ಬ್ರಹ್ಮಾವರದ ಒಬ್ಬರ ಬಾಯಲ್ಲಿ ಅದೇ ಸಂದಿನಿಂದ ಮೂರು ದಿನ ಹಳೆಯ ಗಟ್ಟಿ ಕಫದ ಉಂಡೆ ತೆಗೆದೆ. ಒದ್ದೆ ಗಾಜ್ ಬಟ್ಟೆ ಬೆರಳಿಗೆ ಸುತ್ತಿ ಮೆಲ್ಲಗೆ ಒರೆಸಿದರೆ ಬರುತ್ತದೆ. ಉಳಿದ ಹಲ್ಲುಗಳಿಗೆ ಮಕ್ಕಳ ಮೆತ್ತನೆಯ ಬ್ರಷ್. ಡಾಕ್ಟರ್ ಕ್ಲೋರ್‌ಹೆಕ್ಸಿಡಿನ್ ಅನ್ನುವ ಮೌತ್‌ವಾಶ್ ಬರೆದಿದ್ದರೆ ಪೇಸ್ಟಿಗೂ ಅದಕ್ಕೂ ಅರ್ಧ ಗಂಟೆ ಬಿಡುವಿರಲಿ.

ಫ್ಲಾಪಿನ ಚರ್ಮ ಬಾಯೊಳಗೆ ಬೆಳ್ಳಗೆ, ನೀರಲ್ಲಿ ನೆನೆದ ಬೆರಳಿನ ಹಾಗೆ ಕಾಣಬಹುದು. ಎದೆಯ ಚರ್ಮ ತಂದಿದ್ದರೆ ಗಂಡಸರಿಗೆ ಅದರಲ್ಲಿ ಕೂದಲೂ ಬೆಳೆಯಬಹುದು. ಇದು ಕೆಟ್ಟ ಲಕ್ಷಣವಲ್ಲ. ಕೀಳಬೇಡಿ, ಮುಂದಿನ ಭೇಟಿಯಲ್ಲಿ ತೋರಿಸಿ. ಲವಂಗದ ಎಣ್ಣೆ, ಅರಿಶಿಣ, ನಾಟಿ ಮದ್ದಿನ ಪುಡಿ ಯಾವುದನ್ನೂ ಒಳಗೆ ಹಾಕಬೇಡಿ.

ಹೆಜ್ಜೆ 4: ಊಟ, ಮತ್ತು ನಂಜಿನ ಹೆದರಿಕೆ

ನನಗೆ ಅತಿ ಹೆಚ್ಚು ಸಂಕಟ ಕೊಡುವ ವಿಷಯ ಇದು.

ನಮ್ಮ ಕಡೆ ಗಾಯ ಆದವರಿಗೆ "ನಂಜು" ಅಂತ ಒಂದೊಂದಾಗಿ ಎಲ್ಲವನ್ನೂ ನಿಲ್ಲಿಸುತ್ತಾರೆ. ಮೊಟ್ಟೆ ನಂಜು, ಬಂಗುಡೆ ನಂಜು, ಸಿಗಡಿ ನಂಜು, ಬದನೆ ನಂಜು. "ಮೊಟ್ಟೆ ಕೊಟ್ರೆ ಕೀವಾಗ್ತದೆ ಸಿಸ್ಟರ್" ಅನ್ನುವ ಅಜ್ಜಿಯ ಕಣ್ಣಲ್ಲಿ ಪ್ರೀತಿಯೇ ಇರುತ್ತದೆ, ನನಗೆ ಗೊತ್ತು. ಕೊನೆಗೆ ಉಳಿಯುವುದು ಕುಚ್ಚಲಕ್ಕಿ ಗಂಜಿಯ ತಿಳಿ ಮತ್ತು ಬೊಂಡ, ಅಂದರೆ ಎಳನೀರು. ತಿಳಿ ಹೊಟ್ಟೆ ತುಂಬಿಸುತ್ತದೆ, ಬೊಂಡ ತಂಪು ಕೊಡುತ್ತದೆ. ಆದರೆ ಗಾಯ ಕೂಡಲು ಬೇಕಾದ ಪ್ರೋಟೀನ್ ಎರಡರಲ್ಲೂ ಇಲ್ಲದಷ್ಟೇ. ಮೊಟ್ಟೆ, ಮೀನಿನಿಂದ ಕೀವಾಗುವುದಿಲ್ಲ. ಕೀವಾಗುವುದು ರೋಗಾಣುವಿನಿಂದ. ಆ ರೋಗಾಣುವಿನ ಜೊತೆ ಹೋರಾಡಲು ದೇಹಕ್ಕೆ ಮೊಟ್ಟೆ, ಮೀನು ಬೇಕು. ಒಂದು ಆಹಾರ ಅವರಿಗೆ ಮೊದಲಿನಿಂದಲೂ ಅಲರ್ಜಿ ಆಗಿದ್ದರೆ ಮಾತ್ರ ಅದನ್ನು ಬಿಡಿ.

ಲೆಕ್ಕ ಹೀಗೆ. ಒಂದು ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್. 50 ಕಿಲೋ ಇರುವವರಿಗೆ 60ರಿಂದ 75 ಗ್ರಾಂ. ಒಂದು ಲೀಟರ್ ಹಾಲಿನಲ್ಲಿ ಸುಮಾರು 30 ಗ್ರಾಂ ಸಿಗುತ್ತದೆ. ಮೂರು ಮೊಟ್ಟೆಯಲ್ಲಿ 18. ಒಂದು ಹಿಡಿ, ಅಂದರೆ 50 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 12. ಅಲ್ಲಿಗೆ 60 ಆಯಿತು. ಮೀನು ತಿನ್ನುವವರು ಕಾಣೆಯನ್ನೋ ಬಂಗುಡೆಯನ್ನೋ ಬೇಯಿಸಿ, ಮುಳ್ಳು ಒಂದೂ ಉಳಿಯದ ಹಾಗೆ ಬಿಡಿಸಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಬಹುದು. ನೂರು ಗ್ರಾಂ ಮೀನಿನಲ್ಲಿ ಹೆಚ್ಚುಕಡಿಮೆ 18-20 ಗ್ರಾಂ ಪ್ರೋಟೀನ್. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಬೇಳೆ, ನೆಲಗಡಲೆ, ಸೋಯಾ ಇವೆ, ಕಮ್ಮಿ ಬಿದ್ದರೆ ಡಾಕ್ಟರ್ ಬರೆದುಕೊಡುವ ಪ್ರೋಟೀನ್ ಪುಡಿ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ. ಶುಗರ್ ಇರುವವರ ಗಂಜಿ, ರಾಗಿಯ ಪ್ರಮಾಣವನ್ನು ಆಸ್ಪತ್ರೆಯ ಡಯಟೀಷಿಯನ್ ಹತ್ತಿರ ಕೇಳಿ. ಬೊಂಡವೂ ಕಿಡ್ನಿ ರೋಗಿಗೆ ಸುಮ್ನೆ ಕೊಡುವಂಥದ್ದಲ್ಲ.

ಗಂಜಿ ಬಿಡಿ ಅಂತ ನಾನು ಹೇಳುತ್ತಿಲ್ಲ. ತಿಳಿ ಮಾತ್ರ ಬಸಿದು ಕೊಡಬೇಡಿ. ಅನ್ನವನ್ನೂ ಸೇರಿಸಿ, ಬೆಂದ ಬೇಳೆ, ಬೇಯಿಸಿದ ಮೊಟ್ಟೆ, ಒಂದು ಚಮಚ ತೆಂಗಿನೆಣ್ಣೆ ಹಾಕಿ ರುಬ್ಬಿ, ತೆಳು ಜರಡಿಯಲ್ಲಿ ಸೋಸಿದರೆ ಅದೇ ಗಂಜಿ ಮದ್ದಾಗುತ್ತದೆ. ಹಸಿ ಮೊಟ್ಟೆ ಮಾತ್ರ ಯಾವತ್ತೂ ಬೇಡ.

ಮೂಗಿನ ಟ್ಯೂಬಿನಲ್ಲಿ ಕೊಡುವಾಗ ಕ್ರಮ ತಪ್ಪಬಾರದು. ಕೈ ತೊಳೆಯಿರಿ. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಹಾಕಿದ ಗುರುತು ಅದೇ ಜಾಗದಲ್ಲಿದೆಯಾ ನೋಡಿ. ಜಾರಿದ ಹಾಗಿದ್ದರೆ, ಕೆಮ್ಮು ಬಂದರೆ ಏನೂ ಕೊಡಬೇಡಿ. ನೇರವಾಗಿ ಕೂರಿಸಿ. ಸಿರಿಂಜಿನ ಹಿಂಭಾಗ ತೆಗೆದು, ಎತ್ತರ ಹಿಡಿದು, ಊಟ ತಾನಾಗಿ ಇಳಿಯಲು ಬಿಡಿ. ಒಂದು ಸಲಕ್ಕೆ 200-250 ಎಂಎಲ್, ಬೆಚ್ಚಗೆ, ಸುಮಾರು ಇಪ್ಪತ್ತು ನಿಮಿಷ. ಕೊನೆಗೆ 30-50 ಎಂಎಲ್ ಕುದಿಸಿ ಆರಿಸಿದ ನೀರು ಹಾಕಿದರೆ ಟ್ಯೂಬ್ ಕಟ್ಟುವುದಿಲ್ಲ. ಆಮೇಲೆ ಮುಕ್ಕಾಲು ಗಂಟೆಯಾದರೂ ಮಲಗಿಸಬೇಡಿ, ಊಟ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಮಾಡಿಟ್ಟ ಊಟವನ್ನು ಫ್ರಿಜ್ಜಿನಲ್ಲಿಡಿ. ನಮ್ಮ ಸೆಕೆಗೆ ಹೊರಗಿಟ್ಟದ್ದು ಬೇಗ ಹುಳಿಯುತ್ತದೆ.

ಟ್ಯೂಬ್ ಪೂರ್ತಿ ಹೊರಗೆ ಬಂದರೆ? ಮನೆಯಲ್ಲಿ ಮತ್ತೆ ತೂರಿಸಬೇಡಿ. ಪರಿಚಯದ ಕಾಂಪೌಂಡರ್ ಬಂದರೂ ಬೇಡ. ಗಂಟಲಿನ ಒಳಗೆ ಹಸಿ ಹೊಲಿಗೆ ಇದೆ, ಕುರುಡಾಗಿ ದೂಡಿದ ಟ್ಯೂಬ್ ಅದನ್ನು ಹರಿದು ಹೋಗಬಹುದು. ಆಪರೇಷನ್ ಮಾಡಿದ ಕಡೆಗೇ ಹೋಗಿ.

ಬಾಯಿಂದ ಯಾವಾಗ ಕೊಡುವುದು? ಸಾಮಾನ್ಯವಾಗಿ ಏಳರಿಂದ ಹತ್ತು ದಿನದ ನಂತರ, ಡಾಕ್ಟರ್ ನೋಡಿ ಹೇಳಿದ ಮೇಲೆ. ಮೊದಲು ರೇಡಿಯೇಶನ್ ಆದವರಿಗೆ ಇನ್ನೂ ತಡ. ಯಾರೂ ಇಲ್ಲದಾಗ ಒಂದು ಗುಟುಕು ಚಹಾ ಕುಡಿದುಬಿಡುವವರಿದ್ದಾರೆ. ಬಯ್ಯಬೇಡಿ. ಹತ್ತು ದಿನ ನಾಲಿಗೆಗೆ ರುಚಿ ಇಲ್ಲದೆ ಇರುವುದು ಸಣ್ಣ ಕಷ್ಟವಲ್ಲ. ತುಟಿ ಒದ್ದೆ ಮಾಡಿ, ಯಾಕೆ ಬೇಡ ಅಂತ ಮತ್ತೊಮ್ಮೆ ಹೇಳಿ. ಅವರ ಎದುರು ಮೀನು ಹುರಿಯದಿದ್ದರೆ ಅದೂ ಒಂದು ಉಪಕಾರವೇ.

ಹೆಜ್ಜೆ 5: ಕುತ್ತಿಗೆಯ ಹೊಲಿಗೆ, ಮಳೆಗಾಲ, ಬಟ್ಟೆಬರೆ

ಹೊರಗಿನ ಹೊಲಿಗೆ ಸಾಮಾನ್ಯವಾಗಿ ಏಳರಿಂದ ಹತ್ತು ದಿನದಲ್ಲಿ ತೆಗೆಯುತ್ತಾರೆ. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಮುಲಾಮು ಬಿಟ್ಟು ಬೇರೇನೂ ಬೇಡ. ಕೊಬ್ಬರಿ ಎಣ್ಣೆ, ಅರಿಶಿಣ, ಪೌಡರ್ ಹಚ್ಚಬೇಡಿ. ಕಟ್ಟಿದ ಪೊರೆಯನ್ನು ಕೆರೆದು ತೆಗೆಯಬೇಡಿ. ಕುತ್ತಿಗೆಯ ಚರ್ಮ ಮರಗಟ್ಟಿರುತ್ತದೆ, ಬಿಸಿ ನೀರಿನ ಶಾಖ ಕೊಟ್ಟರೆ ಸುಟ್ಟರೂ ಗೊತ್ತಾಗುವುದಿಲ್ಲ. ಗಡ್ಡಕ್ಕೆ ಆಮೇಲೂ ಟ್ರಿಮ್ಮರೇ ಒಳ್ಳೆಯದು.

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಯಾವ ಬಟ್ಟೆಯೂ ಸರಿಯಾಗಿ ಒಣಗುವುದಿಲ್ಲ ಅಲ್ವಾ? ಅರೆ ಒದ್ದೆ ಬೈರಾಸು, ಮುಗ್ಗಲು ವಾಸನೆಯ ದಿಂಬಿನ ಕವರ್ ಗಾಯಕ್ಕೆ ಒಳ್ಳೆಯದಲ್ಲ. ಬಚ್ಚಲ ಒಲೆಯ ಮೇಲೆ ಒಣಗಿಸಿದರೆ ಹೊಗೆ ಹಿಡಿಯುತ್ತದೆ. ಇಸ್ತ್ರಿ ಹಾಕುವುದೇ ಸುಲಭದ ದಾರಿ. ಆರು ಹಳೆಯ ಹತ್ತಿ ಬಟ್ಟೆ ತುಂಡು, ನಾಲ್ಕು ದಿಂಬಿನ ಕವರ್ ಬೇರೆ ಇಟ್ಟು, ದಿನಾ ಒಂದು ಕವರ್ ಬದಲಿಸಿ. ತಿಳಿ ಬಣ್ಣದ್ದಾಗಿರಲಿ. ಆ ಕಾಪುವಿನ ಮನೆಯಲ್ಲಿ ದಿಂಬಿನ ಕವರ್ ಬಿಳಿ ಇದ್ದದ್ದರಿಂದ ನನಗೆ ಕಲೆ ಕಂಡಿತು.

ಫ್ಲಾಪ್ ತೆಗೆದ ತೊಡೆ, ಎದೆ, ಮುಂಗೈಯ ಗಾಯವನ್ನು ಮರೆಯಬೇಡಿ. ಅಲ್ಲೂ ಕೀವಾಗುತ್ತದೆ. ಚರ್ಮ ಅಂಟಿಸಿದ ಜಾಗದ ಮೊದಲ ಕಟ್ಟನ್ನು ಡಾಕ್ಟರೇ ಬಿಚ್ಚಲಿ.

ಹೆಜ್ಜೆ 6: ಕುತ್ತಿಗೆಯಲ್ಲಿ ಉಸಿರಿನ ತೂತು ಇದ್ದರೆ

ಟ್ರಾಕಿಯಾಸ್ಟಮಿ ಟ್ಯೂಬಿನಿಂದ ಬರುವ ಕಫ ಪಕ್ಕದ ಹೊಲಿಗೆಯನ್ನು ನೆನೆಸುತ್ತದೆ. ಟ್ಯೂಬಿನ ಕೆಳಗಿನ ಗಾಜ್ ಒದ್ದೆಯಾದ ಕೂಡಲೇ ಬದಲಿಸಿ. ಮೆಡಿಕಲ್‌ನಲ್ಲಿ ಮೊದಲೇ ಸೀಳಿದ ಡ್ರೆಸ್ಸಿಂಗ್ ಸಿಗುತ್ತದೆ, ಅದನ್ನೇ ತನ್ನಿ. ಕತ್ತರಿಯಿಂದ ಕತ್ತರಿಸಿದ ಗಾಜ್ ಬಟ್ಟೆಯ ನೂಲು ಬಿಚ್ಚಿಕೊಂಡು ತೂತಿನ ಒಳಗೆ ಹೋಗುತ್ತದೆ. ಒಳಗಿನ ಕೊಳವೆಯನ್ನು ಆಸ್ಪತ್ರೆಯಲ್ಲಿ ತೋರಿಸಿದ ಹಾಗೆ ತೆಗೆದು ತೊಳೆಯಿರಿ. ಮನೆಗೆ ಬರುವ ಮೊದಲು ನರ್ಸ್ ಎದುರಿಗೇ ಎರಡು ಸಲ ನೀವೇ ಮಾಡಿ ತೋರಿಸಿ. ತೂತಿನ ಮುಂದೆ ಹಿಂಡಿದ ಒದ್ದೆ ಗಾಜ್ ಒಂದು ಪದರ ಇಟ್ಟರೆ ಕಫ ಗಟ್ಟಿಯಾಗುವುದಿಲ್ಲ.

ಸ್ನಾನ ಕುತ್ತಿಗೆಯ ಕೆಳಗೆ ಮಾತ್ರ. ಧ್ವನಿಪೆಟ್ಟಿಗೆಯನ್ನೇ ತೆಗೆದವರಿಗೆ ಉಸಿರಿಗೆ ಆ ತೂತು ಬಿಟ್ಟರೆ ಬೇರೆ ದಾರಿ ಇಲ್ಲ. ಕೆರೆ, ಹೊಳೆ, ಸಮುದ್ರಕ್ಕೆ ಇಳಿಯುವುದು ಅವರಿಗೆ ಪ್ರಾಣಾಪಾಯ. ಸೊಳ್ಳೆ ಬತ್ತಿ, ಊದುಬತ್ತಿ, ಒಲೆಯ ಹೊಗೆ ಆ ಕೋಣೆಯಲ್ಲಿ ಬೇಡ. ಬೀಡಿ ಕಟ್ಟುವ ಮನೆಯಾದರೆ ಹೊಗೆಸೊಪ್ಪಿನ ಪುಡಿಯ ಕೆಲಸವನ್ನು ಬೇರೆ ಕೋಣೆಗೆ ಸಾಗಿಸಿ. ಕಫ ಎಳೆಯುವ ಸಕ್ಷನ್ ಮೆಷಿನ್ ಕೊಟ್ಟಿದ್ದರೆ ಕರೆಂಟ್ ಹೋದಾಗ ಏನು ಮಾಡುವುದು ಅಂತ ಮಳೆಗಾಲಕ್ಕೆ ಮೊದಲೇ ಯೋಚಿಸಿ. ಕಾಲಿನಿಂದ ಒತ್ತುವ ಸಕ್ಷನ್ ಬಾಡಿಗೆಗೆ ಸಿಗುತ್ತದಾ ವಿಚಾರಿಸಿಟ್ಟುಕೊಳ್ಳಿ.

ಹೆಜ್ಜೆ 7: ದಿನಾ ನೋಡಿ, ಬರೆದಿಡಿ

ಒಂದು ಹಳೆ ನೋಟ್ ಪುಸ್ತಕ ಸಾಕು. ತಾರೀಕು, ಜ್ವರ, ಎಷ್ಟು ಸಲ ಎಷ್ಟು ಊಟ, ವಾರಕ್ಕೊಮ್ಮೆ ತೂಕ, ಶುಗರ್ ಇದ್ದರೆ ಅದು. ಡ್ರೈನ್ ಜೊತೆ ಮನೆಗೆ ಕಳಿಸಿದ್ದರೆ ಎಷ್ಟು ಎಂಎಲ್, ಯಾವ ಬಣ್ಣ. ಬೆಳಿಗ್ಗೆ ಅದೇ ಕಿಟಕಿಯ ಹತ್ತಿರ ಕೂರಿಸಿ ಕುತ್ತಿಗೆಯ ಒಂದು ಫೋಟೋ ತೆಗೆಯಿರಿ. ನಿನ್ನೆಗೂ ಇವತ್ತಿಗೂ ಹೋಲಿಸಿದಾಗ ಕೆಂಪು ಹರಡುತ್ತಿದೆಯಾ ಅಂತ ಕಣ್ಣಿಗೇ ಕಾಣುತ್ತದೆ.

ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಬೇಕಾದ್ದು ಯಾವಾಗ? ಜ್ವರ 100.4 ಡಿಗ್ರಿ ದಾಟಿದಾಗ. ಕುತ್ತಿಗೆ ಕೆಂಪಾಗಿ, ಬಿಸಿಯಾಗಿ, ಊದಿ ಬಂದಾಗ. ಕೆಟ್ಟ ವಾಸನೆ ಬಂದಾಗ. ನೋವು ಕಡಿಮೆಯಾಗುತ್ತ ಬಂದದ್ದು ಮತ್ತೆ ಏರಿದಾಗ. ಹೊಲಿಗೆ ಬಿಟ್ಟುಕೊಂಡಾಗ. ನುಂಗಿದಾಗ ಡ್ರೆಸ್ಸಿಂಗ್ ಒದ್ದೆಯಾದಾಗ. ಫ್ಲಾಪ್ ಬಣ್ಣ ಬದಲಿಸಿದಾಗ. ಸಣ್ಣ ಜ್ವರ ಮತ್ತು ಕುತ್ತಿಗೆಯ ಕೆಂಪು, ಈ ಎರಡು ಒಟ್ಟಿಗೆ ಬಂದರೆ ಜೊಲ್ಲು ಹೊರಗೆ ಕಾಣುವ ಮೊದಲೇ ಒಳಗೆ ಸೋರುತ್ತಿರಬಹುದು.

ಫೋನಿನಲ್ಲಿ "ಗಾಯ ಸರಿ ಇಲ್ಲ" ಅಂದರೆ ಆ ಕಡೆಯವರಿಗೆ ಏನೂ ಅರ್ಥವಾಗುವುದಿಲ್ಲ. ಹೀಗೆ ಹೇಳಿ: "ದವಡೆ ಆಪರೇಷನ್, ಇವತ್ತಿಗೆ ಒಂಬತ್ತು ದಿನ. ನಿನ್ನೆ ಸಂಜೆಯಿಂದ 101 ಜ್ವರ. ದವಡೆಯ ಕೆಳಗೆ ಎರಡು ಬೆರಳಷ್ಟು ಕೆಂಪು ಉಂಟು. ಶುಗರ್ ಉಂಟು, ಬೆಳಿಗ್ಗೆ 210 ಇತ್ತು."

ರಕ್ತ ಮಾತ್ರ ಫೋನಿನ ವಿಷಯವೇ ಅಲ್ಲ. ಬಾಯಿಂದಲೋ, ಕುತ್ತಿಗೆಯ ತೂತಿನಿಂದಲೋ, ಗಾಯದಿಂದಲೋ ಹೊಸ ಕೆಂಪು ರಕ್ತ ಬಂದು ತಾನಾಗಿ ನಿಂತರೂ ಹೊರಡಲೇಬೇಕು. ಜೊಲ್ಲು ಸೋರುವ ಗಾಯ ಇದ್ದವರಲ್ಲಿ, ಮೊದಲು ರೇಡಿಯೇಶನ್ ಆದವರಲ್ಲಿ ಇದು ದೊಡ್ಡ ರಕ್ತನಾಳ ಒಡೆಯುವ ಮುನ್ಸೂಚನೆ ಆಗಿರಬಹುದು. ಹೊರಗೆ ಕಾಣುವ ಜಾಗವಾದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಉಸಿರಿನ ತೂತನ್ನು ಮಾತ್ರ ಮುಚ್ಚಬೇಡಿ. ರಕ್ತ ಒಳಗೆ ಇಳಿಯದ ಹಾಗೆ ಮುಂದಕ್ಕೆ ಬಾಗಿಸಿ ಕೂರಿಸಿ, 108ಕ್ಕೆ ಫೋನ್ ಮಾಡಿ. ಬೈಂದೂರು, ಸುಳ್ಯ, ಬೆಳ್ತಂಗಡಿಯ ಒಳಭಾಗದಲ್ಲಿ ಮನೆ ಇದ್ದವರಿಗೆ ನನ್ನದೊಂದು ಕೋರಿಕೆ ಇದೆ. ಗಾಯ ಸೋರುತ್ತಿರುವಷ್ಟು ದಿನ, ಅದೂ ಮಳೆಗಾಲದಲ್ಲಿ, ಮಂಗಳೂರಿನಲ್ಲೋ ಮಣಿಪಾಲದಲ್ಲೋ ನೆಂಟರ ಮನೆಯಲ್ಲಿ ಉಳಿಯಲು ಆದರೆ ಉಳಿಯಿರಿ.

ಮೊದಲೇ ರೇಡಿಯೇಶನ್ ಆಗಿದ್ದರೆ

ಅಂಥವರ ಚರ್ಮದಲ್ಲಿ ರಕ್ತನಾಳಗಳು ಕಡಿಮೆ. ಗಾಯ ಒಣಗಲು ಹೆಚ್ಚು ದಿನ ಹಿಡಿಯುತ್ತದೆ, ಸೋರುವ ಸಾಧ್ಯತೆಯೂ ಜಾಸ್ತಿ. ಕುತ್ತಿಗೆಗೆ ರೇಡಿಯೇಶನ್ ಬಿದ್ದಾಗ ಥೈರಾಯ್ಡ್ ಸೊರಗಬಹುದು, ಥೈರಾಯ್ಡ್ ಕಡಿಮೆಯಾದರೆ ಗಾಯ ಕೂಡುವುದು ತಡವಾಗುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಡಾಕ್ಟರ ಹತ್ತಿರ ನೀವೇ ಕೇಳಿ: "ಟಿಎಸ್‌ಎಚ್ ನೋಡಿದ್ದೀರಾ?"

ಹೆಜ್ಜೆ 8: ಗಾಯ ಒಣಗಿದ ಮೇಲೆ, ಆರನೇ ವಾರದೊಳಗೆ

ಹೊಲಿಗೆ ತೆಗೆದ ದಿನವೇ ರೇಡಿಯೇಶನ್ ವಿಭಾಗದ ಭೇಟಿ ಯಾವಾಗ ಅಂತ ಕೇಳಿ ತಾರೀಕು ಬರೆಸಿಕೊಳ್ಳಿ. ಆಪರೇಷನ್ನಿನಲ್ಲಿ ತೆಗೆದ ಭಾಗದ ಬಯಾಪ್ಸಿ ರಿಪೋರ್ಟ್ ಬಂತಾ ಅಂತಲೂ ವಿಚಾರಿಸಿ, ಅದಿಲ್ಲದೆ ಮುಂದಿನ ನಿರ್ಧಾರ ಆಗುವುದಿಲ್ಲ. ಬಾಯಿ ತೆರೆಯುವ ವ್ಯಾಯಾಮ, ಭುಜ ಎತ್ತುವ ವ್ಯಾಯಾಮವನ್ನು ಡಾಕ್ಟರ್ ಹೇಳಿದ ದಿನದಿಂದ ಶುರು ಮಾಡಿ, ಅವರು ಹೇಳುವ ಮೊದಲು ಬೇಡ. ಗಾಯದಲ್ಲಿ ಸ್ವಲ್ಪ ಜಾಗ ಇನ್ನೂ ಹಸಿಯಿದ್ದರೂ ಆ ಭೇಟಿಗೆ ತಪ್ಪದೆ ಹೋಗಿ. ಕಾಯಬೇಕಾ, ಶುರು ಮಾಡಬಹುದಾ ಅಂತ ನೋಡಿ ಹೇಳುವವರು ಅವರು. "ಪೂರ್ತಿ ಒಣಗಲಿ, ಆಮೇಲೆ ಹೋಗುವ" ಅಂತ ಮನೆಯಲ್ಲೇ ತೀರ್ಮಾನ ಮಾಡಿ ಮೂರು ವಾರ ಕಳೆದುಕೊಂಡವರ ಮನೆಗೂ ನಾನು ಹೋಗಿದ್ದೇನೆ.

ಹೋಗುವಾಗ ಆ ನೋಟ್ ಪುಸ್ತಕ ತೆಗೆದುಕೊಂಡು ಹೋಗಿ. ರೇಡಿಯೇಶನ್ ಶುರುವಾದ ಮೇಲೂ ವಾರದ ತೂಕ ಬರೆಯುವುದು ಅದರಲ್ಲೇ.